ವಿದೇಶಕ್ಕೆ ಮದುವೆ: ಯಾವ ಕಾಗದಕ್ಕೆ ಯಾವ ವಕೀಲರು?

ನಮ್ಮ ಕರಾವಳಿಯ ಚರ್ಚುಗಳಲ್ಲಿ ಕ್ರಿಸ್ಮಸ್ ಕಳೆದ ಮೇಲೆ ಜನವರಿಯಲ್ಲಿ, ಈಸ್ಟರ್ ಕಳೆದ ಮೇಲೆ ಏಪ್ರಿಲ್-ಮೇ ತಿಂಗಳುಗಳಲ್ಲಿ ಮದುವೆಗಳ ಸಾಲು. ರಜೆಯಲ್ಲಿ ಬಂದ ಹುಡುಗನೋ ಹುಡುಗಿಯೋ ಮೂರು ನಾಲ್ಕು ವಾರಗಳೊಳಗೆ ನಿಶ್ಚಯ, ರೋಸ್, ಮದುವೆ ಎಲ್ಲ ಮುಗಿಸಿ ಹಿಂತಿರುಗಬೇಕು. ಹಾಲ್, ಊಟ, ಬ್ಯಾಂಡಿಗೆ ತಿಂಗಳುಗಳ ಮೊದಲೇ ಮುಂಗಡ ಕೊಡುವ ನಾವು ವೀಸಾದ ವಿಷಯವನ್ನು ಮಾತ್ರ ಮದುವೆಯಾದ ಮೇಲೆ ನೋಡೋಣ ಎಂದು ಬಿಡುತ್ತೇವೆ. ಆಮೇಲೆ ಯಾರಾದರೂ ಹೇಳುತ್ತಾರೆ: "ಪೇಟೆಯಲ್ಲಿ ಒಬ್ಬರು ಏಜೆಂಟರಿದ್ದಾರೆ, ಎಲ್ಲ ಅವರೇ ಮಾಡಿ ಕೊಡುತ್ತಾರೆ."

ಎಲ್ಲವನ್ನೂ ಮಾಡಿ ಕೊಡುವ ಒಬ್ಬ ವ್ಯಕ್ತಿ ಈ ವಿಷಯದಲ್ಲಿ ಸಿಗುವುದು ಕಷ್ಟ. ವಿದೇಶದಲ್ಲಿ ನೆಲೆಸಿದವರನ್ನು ಮದುವೆಯಾಗುವಾಗ ಮೂರು ಕಾನೂನುಗಳು ಒಟ್ಟಿಗೆ ಬರುತ್ತವೆ: ಚರ್ಚಿನ ಕಾನೂನು, ಭಾರತದ ಕಾನೂನು, ಆ ದೇಶದ ಇಮಿಗ್ರೇಶನ್ ಕಾನೂನು. ಚರ್ಚಿನ ವಿವಾಹ ನ್ಯಾಯಮಂಡಳಿಯ ಗುರುಗಳು ಕೆನಡಾದ ವೀಸಾ ಬಗ್ಗೆ ಹೇಳಲಾರರು. ಮಂಗಳೂರಿನ ಕುಟುಂಬ ನ್ಯಾಯಾಲಯದಲ್ಲಿ ಇಪ್ಪತ್ತು ವರ್ಷ ವಾದಿಸಿದ ವಕೀಲರಿಗೆ ಅಮೆರಿಕದ ಗ್ರೀನ್ ಕಾರ್ಡಿನ ಷರತ್ತುಗಳು ಗೊತ್ತಿರಬೇಕೆಂದಿಲ್ಲ. ಅಮೆರಿಕದ ವಕೀಲರಿಗೆ ನಮ್ಮ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆ ಗೊತ್ತಿರುವುದಿಲ್ಲ. ಹಣವನ್ನೂ ವರ್ಷಗಳನ್ನೂ ಕಳೆದುಕೊಳ್ಳುವವರಲ್ಲಿ ಹೆಚ್ಚಿನವರು ಒಂದು ಕಾನೂನಿನ ಪ್ರಶ್ನೆಯನ್ನು ಇನ್ನೊಂದು ಕಾನೂನಿನವರಲ್ಲಿ ಕೇಳಿದವರೇ.

ನಿಶ್ಚಯಕ್ಕೆ ಮೊದಲು ಕೇಳಬೇಕಾದ್ದು

ಹುಡುಗನ ಸಂಬಳ ಎಷ್ಟು, ಅಲ್ಲಿ ಮನೆ ಇದೆಯೇ ಎಂದು ಹೆತ್ತವರು ಕೇಳುತ್ತಾರೆ. ಆ ದೇಶದಲ್ಲಿ ಅವನ ಸ್ಥಾನಮಾನ ಏನು ಎಂದು ಕೇಳುವವರು ಕಡಿಮೆ. ಅವನು ಅಲ್ಲಿಯ ಪ್ರಜೆಯೇ, ಖಾಯಂ ನಿವಾಸಿಯೇ, ಕೆಲಸದ ವೀಸಾದಲ್ಲಿದ್ದಾನೆಯೇ, ವಿದ್ಯಾರ್ಥಿಯೇ? ಹೆಂಡತಿ ಹೋಗಬಹುದೋ ಇಲ್ಲವೋ ಎಂಬುದು ಈ ಒಂದು ಉತ್ತರದ ಮೇಲೆ ನಿಂತಿದೆ. ಹುಡುಗಿ ವಿದೇಶದಲ್ಲಿದ್ದು ಹುಡುಗ ಊರಿನವನಾದರೂ ಪ್ರಶ್ನೆ ಇದೇ.

ಬ್ರಿಟನ್ನನ್ನು ನೋಡಿ. ನಮ್ಮ ಕಡೆಯಿಂದ ಕೇರ್ ವರ್ಕರ್ ಆಗಿ ಹೋದವರಿದ್ದಾರೆ. 2024ರ ಮಾರ್ಚ್ 11ರ ನಂತರ ಆ ವೀಸಾ ಪಡೆದವರು ಗಂಡ, ಹೆಂಡತಿ, ಮಕ್ಕಳನ್ನು ಅವಲಂಬಿತರೆಂದು ಕರೆಸಿಕೊಳ್ಳುವಂತಿಲ್ಲ. 2025ರ ಜುಲೈಯಿಂದ ವಿದೇಶದಿಂದ ಹೊಸ ಕೇರ್ ವರ್ಕರ್‌ಗಳನ್ನು ನೇಮಿಸಿಕೊಳ್ಳುವುದೇ ನಿಂತಿದೆ. 2024ರ ಜನವರಿಯಿಂದ ಹೆಚ್ಚಿನ ಕೋರ್ಸ್‌ಗಳ ವಿದ್ಯಾರ್ಥಿಗಳೂ ಕುಟುಂಬವನ್ನು ಕರೆದೊಯ್ಯುವಂತಿಲ್ಲ. ಸಂಶೋಧನಾ ಪದವಿಯವರಿಗೆ ವಿನಾಯಿತಿ ಇದೆ. ವರ ಬ್ರಿಟಿಷ್ ಪ್ರಜೆ ಅಥವಾ ಅಲ್ಲಿ ಖಾಯಂ ನೆಲೆಸಿದವನಾದರೆ ದಾರಿ ಬೇರೆ. ಆದರೆ 2024ರ ಏಪ್ರಿಲ್‌ನಲ್ಲಿ ಆದಾಯದ ಕನಿಷ್ಠ ಮಿತಿಯನ್ನು ವರ್ಷಕ್ಕೆ 18,600 ಪೌಂಡಿನಿಂದ 29,000 ಪೌಂಡಿಗೆ ಏರಿಸಲಾಯಿತು. ಹಳೆಯ ಲೆಕ್ಕ ಹಿಡಿದು ನಿಶ್ಚಯ ಮಾಡಿಕೊಂಡರೆ ಮದುವೆಯಾಗಿ ಊರಿನಲ್ಲೇ ಕಾಯಬೇಕಾಗುತ್ತದೆ.

ಕೆನಡಾದಲ್ಲಿಯೂ 2025ರ ಜನವರಿಯಿಂದ ವಿದ್ಯಾರ್ಥಿಗಳ ಮತ್ತು ಕೆಲಸದ ಪರವಾನಗಿಯವರ ಸಂಗಾತಿಗಳಿಗೆ ಸಿಗುತ್ತಿದ್ದ ಓಪನ್ ವರ್ಕ್ ಪರ್ಮಿಟ್ ಬಹಳ ಬಿಗಿಯಾಗಿದೆ. ಅಮೆರಿಕದಲ್ಲಿ ಪ್ರಜೆಯ ಪತಿ ಅಥವಾ ಪತ್ನಿಗೆ ವಾರ್ಷಿಕ ಸಂಖ್ಯಾಮಿತಿ ಇಲ್ಲ. ಗ್ರೀನ್ ಕಾರ್ಡ್ ಉಳ್ಳವರ ಸಂಗಾತಿಗೆ ಇದೆ, ಆದ್ದರಿಂದ ಸರದಿಯಲ್ಲಿ ಕಾಯಬೇಕು. ಅಲ್ಲಿಯ 'ಫಿಯಾನ್ಸೆ ವೀಸಾ' ಮದುವೆಯಾಗದವರಿಗೆ ಮಾತ್ರ: ಅಮೆರಿಕ ತಲುಪಿ 90 ದಿನಗಳೊಳಗೆ ಅಲ್ಲಿ ಮದುವೆಯಾಗಬೇಕು. ಊರಿನ ಚರ್ಚಿನಲ್ಲಿ ಮದುವೆ ಮಾಡಿಕೊಂಡು ಆ ವೀಸಾಕ್ಕೆ ಹೋದರೆ ಅದು ಸಲ್ಲದು. ಇಂಥ ನಿಯಮಗಳು ವರ್ಷ ವರ್ಷ ಬದಲಾಗುತ್ತವೆ. ಹಾಗಾಗಿ ನೆರೆಮನೆಯವರ ಮಗಳು ಐದು ವರ್ಷದ ಹಿಂದೆ ಹೇಗೆ ಹೋದಳೆಂಬುದು ನಿಮಗೆ ಮಾರ್ಗದರ್ಶನವಾಗದು.

ಚರ್ಚಿನ ಕಾಗದ, ಸರಕಾರದ ಕಾಗದ

ನಮ್ಮ ಗುರುಗಳು ನೆರವೇರಿಸುವ ಮದುವೆ ಕಾನೂನಿನ ದೃಷ್ಟಿಯಲ್ಲಿ ಪೂರ್ಣ ಮದುವೆಯೇ. 1872ರ ಕಾಯಿದೆ ಅದಕ್ಕೆ ಅಧಿಕಾರ ಕೊಟ್ಟಿದೆ. ಚರ್ಚಿನ ವಿವಾಹ ದಾಖಲೆಯ ವಿವರ ಸರಕಾರದ ರಿಜಿಸ್ಟ್ರಾರ್ ಜನರಲ್‌ಗೆ ಹೋಗಬೇಕೆಂದೂ ಹೇಳಿದೆ. ಆದರೂ ವೀಸಾ ಕಚೇರಿಗಳು ಸಾಮಾನ್ಯವಾಗಿ ಕೇಳುವುದು ಸರಕಾರಿ ನೋಂದಣಿಯ ಪ್ರಮಾಣಪತ್ರ. 2006ರಲ್ಲಿ ಸುಪ್ರೀಂ ಕೋರ್ಟ್ ಸೀಮಾ ವಿರುದ್ಧ ಅಶ್ವನಿ ಕುಮಾರ್ ಮೊಕದ್ದಮೆಯಲ್ಲಿ, ಯಾವ ಧರ್ಮದವರದ್ದಾದರೂ ಮದುವೆ ನೋಂದಣಿಯಾಗಬೇಕು ಎಂದು ನಿರ್ದೇಶಿಸಿತು. ಮದುವೆಯಾದ ವಾರದಲ್ಲೇ, ಇಬ್ಬರೂ ಊರಿನಲ್ಲಿರುವಾಗ, ಈ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು. ಗಂಡ ಹಿಂತಿರುಗಿದ ಮೇಲೆ ಅವನ ಸಹಿಗಾಗಿ ಅಲೆಯುವುದು ಸುಲಭವಲ್ಲ.

ನಂತರದ್ದು ದೃಢೀಕರಣ. ಭಾರತ 2005ರಿಂದ ಅಪಾಸ್ಟಿಲ್ ಒಪ್ಪಂದದಲ್ಲಿದೆ. ಒಪ್ಪಂದದ ದೇಶಗಳಿಗೆ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್ ಮುದ್ರೆ ಸಾಕು. ಕೆನಡಾ 2024ರ ಜನವರಿಯಲ್ಲಿ ಇದಕ್ಕೆ ಸೇರಿದೆ. ಯುಎಇ ಈ ಒಪ್ಪಂದದಲ್ಲಿಲ್ಲದ ಕಾರಣ ಅಲ್ಲಿಗೆ ಹೋಗುವ ಕಾಗದಕ್ಕೆ ಸಚಿವಾಲಯದ ಮುದ್ರೆಯ ಮೇಲೆ ಆ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಇಂಥ ಕೆಲಸಕ್ಕೆ ಏಜೆಂಟರ ಸಹಾಯ ಪಡೆದರೆ ತಪ್ಪೇನಿಲ್ಲ, ಇದು ಓಡಾಟದ ಕೆಲಸ.

ಹೆಸರಿನ ವಿಷಯ ಸಣ್ಣದೆಂದು ಕಾಣುತ್ತದೆ, ಆದರೆ ನಮ್ಮಲ್ಲಿ ಅದೇ ದೊಡ್ಡ ತೊಡಕು. ದೀಕ್ಷಾಸ್ನಾನದ ದಾಖಲೆಯಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಉಪನಾಮವೇ ಇಲ್ಲ. ಡಿಸೋಜ ಎಂಬುದನ್ನು ಇಂಗ್ಲಿಷಿನಲ್ಲಿ ಮೂರು ಬಗೆಯಲ್ಲಿ ಬರೆದಿರುತ್ತಾರೆ. ಮದುವೆಯ ದಾಖಲೆ ಬರೆಸುವಾಗ ಪಾಸ್‌ಪೋರ್ಟನ್ನು ಮುಂದಿಟ್ಟುಕೊಂಡೇ ಬರೆಸಿ.

ಈ ಭಾಗದಲ್ಲಿ ಅತ್ಯಂತ ಮುಖ್ಯವಾದ ಮಾತು ಎರಡನೇ ಮದುವೆಯವರಿಗೆ ಸಂಬಂಧಿಸಿದ್ದು. ಮೊದಲ ಮದುವೆಯನ್ನು ಧರ್ಮಪ್ರಾಂತ್ಯದ ವಿವಾಹ ನ್ಯಾಯಮಂಡಳಿ ಅನೂರ್ಜಿತವೆಂದು ಘೋಷಿಸಿದರೆ ಚರ್ಚಿನಲ್ಲಿ ಮತ್ತೆ ಮದುವೆಯಾಗಲು ದಾರಿ ತೆರೆಯುತ್ತದೆ. ಆದರೆ ಸರಕಾರದ ದೃಷ್ಟಿಯಲ್ಲಿ ಮೊದಲ ಮದುವೆ ಹಾಗೆಯೇ ಇರುತ್ತದೆ. 1996ರಲ್ಲಿ ಮೋಲಿ ಜೋಸೆಫ್ ವಿರುದ್ಧ ಜಾರ್ಜ್ ಸೆಬಾಸ್ಟಿಯನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಚರ್ಚಿನ ತೀರ್ಪಿಗೆ ಕಾನೂನಿನ ಮಾನ್ಯತೆ ಬೇಕೆಂದು ದಕ್ಷಿಣ ಕನ್ನಡದವರೇ ಆದ ಕ್ಲೇರೆನ್ಸ್ ಪಾಯ್ಸ್ ಅವರು ಸಲ್ಲಿಸಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು 2017ರ ಜನವರಿಯಲ್ಲಿ ಅದೇ ನ್ಯಾಯಾಲಯ ತಳ್ಳಿಹಾಕಿತು. ಆದ್ದರಿಂದ 1869ರ ವಿಚ್ಛೇದನ ಕಾಯಿದೆಯ ಪ್ರಕಾರ ನ್ಯಾಯಾಲಯದ ಡಿಕ್ರಿ ಇಲ್ಲದೆ ಎರಡನೇ ಮದುವೆಯಾದರೆ ಅದು ದ್ವಿಪತ್ನಿತ್ವದ ಅಪರಾಧವಾಗಬಹುದು. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 82ನೇ ಕಲಂ. ಅಂಥ ಮದುವೆಯ ಆಧಾರದ ಮೇಲೆ ಯಾವ ದೇಶವೂ ಸಂಗಾತಿ ವೀಸಾ ಕೊಡುವ ಸಂಭವವಿಲ್ಲ. ಇಲ್ಲಿ ಇಬ್ಬರು ಬೇಕು: ಚರ್ಚಿನ ವಿಷಯಕ್ಕೆ ನ್ಯಾಯಮಂಡಳಿ, ಡಿಕ್ರಿಗೆ ಊರಿನ ವಕೀಲರು. ಒಂದು ಮುಗಿದ ಮೇಲೆ ಇನ್ನೊಂದು ಎಂದು ಕಾಯಬೇಕೇ, ಜೊತೆಯಲ್ಲೇ ನಡೆಸಬಹುದೇ ಎಂದು ಪ್ರಧಾನ ಧರ್ಮಗುರುಗಳಲ್ಲಿ ಆರಂಭದಲ್ಲೇ ಕೇಳಿಕೊಳ್ಳಿ.

ವಿದೇಶದ ಸಲಹೆಗಾರರನ್ನು ಹುಡುಕುವುದು

ಈಗ ವೀಸಾಕ್ಕೆ ಬರೋಣ. ಯಾವ ದೇಶದ ವೀಸಾವೋ ಆ ದೇಶದಲ್ಲಿ ಪರವಾನಗಿ ಇರುವವರೇ ಸಲಹೆ ಕೊಡಬೇಕು. ಪರವಾನಗಿ ಇದೆಯೇ ಎಂಬುದನ್ನು ಮನೆಯಲ್ಲಿ ಕುಳಿತೇ ಪರೀಕ್ಷಿಸಬಹುದು.

ಕೆನಡಾಕ್ಕೆ ಹಣ ಪಡೆದು ಸಲಹೆ ಕೊಡುವವರು ಅಲ್ಲಿಯ ಯಾವುದಾದರೂ ಪ್ರಾಂತ್ಯದ ಲಾ ಸೊಸೈಟಿಯಲ್ಲಿ ನೋಂದಾಯಿತರಾಗಿರಬೇಕು, ಕ್ವಿಬೆಕ್‌ನ ನೋಟರಿಯಾಗಿರಬೇಕು, ಇಲ್ಲವೇ 2021ರಲ್ಲಿ ಆರಂಭವಾದ ಕಾಲೇಜ್ ಆಫ್ ಇಮಿಗ್ರೇಶನ್ ಆಂಡ್ ಸಿಟಿಜನ್‌ಶಿಪ್ ಕನ್ಸಲ್ಟೆಂಟ್ಸ್ ಎಂಬ ಸಂಸ್ಥೆಯ ಸದಸ್ಯರಾಗಿರಬೇಕು. ಹೆಸರಿನಲ್ಲಿ 'ಕಾಲೇಜ್' ಎಂದಿದ್ದರೂ ಇದು ಶಾಲೆಯಲ್ಲ, ಪರವಾನಗಿ ಕೊಡುವ ಮಂಡಳಿ. ಅದರ ಪಟ್ಟಿ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿದೆ. ಪ್ರತಿನಿಧಿ ಯಾರೆಂದು ತಿಳಿಸುವ ಪ್ರತ್ಯೇಕ ಫಾರ್ಮ್ ಅರ್ಜಿಯ ಜೊತೆಗೆ ಹೋಗುತ್ತದೆ. ಹಣ ತೆಗೆದುಕೊಂಡು "ನನ್ನ ಹೆಸರು ಹಾಕಬೇಡಿ, ನೀವೇ ಹಾಕಿದ ಹಾಗೆ ಇರಲಿ" ಎನ್ನುವವರಿಗೆ ಪರವಾನಗಿ ಇಲ್ಲವೆಂದೇ ತಿಳಿಯಿರಿ. ಅಣ್ಣನೋ ಸ್ನೇಹಿತನೋ ಉಚಿತವಾಗಿ ಅರ್ಜಿ ತುಂಬಲು ಸಹಾಯ ಮಾಡಿದರೆ ಅದಕ್ಕೆ ಅಡ್ಡಿಯಿಲ್ಲ.

ಬ್ರಿಟನ್ನಿನೊಳಗೆ ಪರವಾನಗಿ ಇಲ್ಲದೆ ಇಮಿಗ್ರೇಶನ್ ಸಲಹೆ ಕೊಡುವುದು 1999ರ ಕಾಯಿದೆಯಂತೆ ಅಪರಾಧ. ಸಾಲಿಸಿಟರ್‌ಗಳು ತಮ್ಮ ಮಂಡಳಿಯಲ್ಲಿ ನೋಂದಾಯಿತರು. ಉಳಿದ ಸಲಹೆಗಾರರು ಇಮಿಗ್ರೇಶನ್ ಅಡ್ವೈಸ್ ಅಥಾರಿಟಿಯಲ್ಲಿ. ಇದೇ ಸಂಸ್ಥೆಗೆ 2025ರ ಜನವರಿಯವರೆಗೆ ಬೇರೆ ಹೆಸರಿತ್ತು, ಹಳೆಯ ಕಾಗದಗಳಲ್ಲಿ ಒಐಎಸ್‌ಸಿ ಎಂದು ಕಾಣಬಹುದು. ಆಸ್ಟ್ರೇಲಿಯಾದಲ್ಲಿ ವಕೀಲರಲ್ಲದೆ ನೋಂದಾಯಿತ ಮೈಗ್ರೇಶನ್ ಏಜೆಂಟರೂ ಇದ್ದಾರೆ, ಅವರಿಗೂ ಸಾರ್ವಜನಿಕ ಪಟ್ಟಿ ಇದೆ.

ಅಮೆರಿಕದಲ್ಲಿ ಯಾವುದಾದರೂ ಒಂದು ರಾಜ್ಯದ ಬಾರ್‌ನಲ್ಲಿರುವ ವಕೀಲರು ಇಡೀ ದೇಶದ ಇಮಿಗ್ರೇಶನ್ ವಿಷಯ ನೋಡಬಹುದು. ಹಣ ಕಡಿಮೆ ಇರುವವರಿಗೆ ಇನ್ನೊಂದು ದಾರಿಯಿದೆ, ಅದು ನಮ್ಮವರಿಗೆ ಹೆಚ್ಚು ಪರಿಚಯವಿಲ್ಲ. ಅಲ್ಲಿಯ ನ್ಯಾಯ ಇಲಾಖೆ ಮಾನ್ಯತೆ ಕೊಟ್ಟ ಸೇವಾಸಂಸ್ಥೆಗಳ ಪ್ರತಿನಿಧಿಗಳು ವಕೀಲರಲ್ಲದಿದ್ದರೂ ಅರ್ಜಿ ಸಲ್ಲಿಸಿ ಪ್ರತಿನಿಧಿಸಬಹುದು. ಅಮೆರಿಕದ ಬಿಷಪರುಗಳು 1988ರಲ್ಲಿ ಸ್ಥಾಪಿಸಿದ ಕೆಥೊಲಿಕ್ ಲೀಗಲ್ ಇಮಿಗ್ರೇಶನ್ ನೆಟ್‌ವರ್ಕ್ ಇಂಥ ಕಚೇರಿಗಳ ದೊಡ್ಡ ಜಾಲ. ಹಲವು ಧರ್ಮಪ್ರಾಂತ್ಯಗಳ ಕೆಥೊಲಿಕ್ ಚಾರಿಟೀಸ್ ಕಚೇರಿಗಳು ಕಡಿಮೆ ಶುಲ್ಕಕ್ಕೆ ಈ ಸೇವೆ ಕೊಡುತ್ತವೆ. ನಿಮ್ಮ ಮಗಳೋ ಮಗನೋ ಅಲ್ಲಿದ್ದರೆ ಅಲ್ಲಿಯ ಚರ್ಚಿನ ಕಚೇರಿಯಲ್ಲಿ ವಿಚಾರಿಸಲು ಹೇಳಿ. 'ನೋಟರಿ' ಎಂಬ ಹಲಗೆ ಹಾಕಿದವರು ಅಮೆರಿಕದಲ್ಲಿ ವಕೀಲರಲ್ಲ.

ಪಟ್ಟಿಯಲ್ಲಿ ಹೆಸರು ಸಿಕ್ಕ ಮೇಲೂ ಕೆಲವು ವಿಷಯ ಕೇಳಿಕೊಳ್ಳಿ. ಶುಲ್ಕ ಒಟ್ಟು ಎಷ್ಟು, ಸರಕಾರದ ಶುಲ್ಕ ಅದರಲ್ಲಿ ಸೇರಿದೆಯೇ? ಅರ್ಜಿ ತಿರಸ್ಕೃತವಾದರೆ ಮುಂದೇನು? ಉತ್ತರವನ್ನು ಬರಹದಲ್ಲಿ ಪಡೆಯಿರಿ, ರಶೀದಿ ಇಲ್ಲದೆ ಹಣ ಕೊಡಬೇಡಿ. ಆನ್‌ಲೈನ್ ಖಾತೆ ನಿಮ್ಮದೇ ಇಮೇಲ್‌ನಲ್ಲಿ ಇರಲಿ ಅಥವಾ ಸಲ್ಲಿಸಿದ ಅರ್ಜಿಯ ಪೂರ್ತಿ ಪ್ರತಿ ನಿಮ್ಮ ಕೈಗೆ ಬರಲಿ. ಏಜೆಂಟರ ಇಮೇಲ್‌ಗೆ ಬಂದ ನೋಟಿಸನ್ನು ಅವರು ನೋಡದೆ ಗಡುವು ದಾಟಿದರೆ ನಷ್ಟ ನಿಮ್ಮದು. ಖಾಲಿ ಫಾರ್ಮಿಗೆ ಸಹಿ ಹಾಕಬೇಡಿ. 'ಗ್ಯಾರಂಟಿ' ಕೊಡುವವರಿಂದ ದೂರವಿರಿ. ವೀಸಾ ಕೊಡುವುದು ಅಧಿಕಾರಿ.

ಸುಳ್ಳು ಬರೆಯುವುದರ ಬೆಲೆಯನ್ನೂ ಹೇಳಬೇಕು. ಹಿಂದಿನ ಮದುವೆಯನ್ನು ಮುಚ್ಚಿಡುವುದು, ಆದಾಯದ ಕಾಗದ ತಯಾರಿಸುವುದು ಇವೆಲ್ಲ "ಎಲ್ಲರೂ ಮಾಡುತ್ತಾರೆ" ಎಂದು ಹೇಳಿಸಿಕೊಳ್ಳುವ ಕೆಲಸಗಳು. ಸಿಕ್ಕಿಬಿದ್ದರೆ ಕೆನಡಾ 5 ವರ್ಷ, ಬ್ರಿಟನ್ 10 ವರ್ಷ ಬಾಗಿಲು ಮುಚ್ಚಬಹುದು. ವೀಸಾಕ್ಕಾಗಿಯೇ ಮಾಡಿದ ನಕಲಿ ಮದುವೆ ಎಂದು ಅಮೆರಿಕ ತೀರ್ಮಾನಿಸಿದರೆ ಮುಂದೆ ನಿಜವಾದ ಮದುವೆಯ ಮೂಲಕವೂ ಗ್ರೀನ್ ಕಾರ್ಡ್ ಸಿಗದು. ಸಹಿ ನಿಮ್ಮದಾದ್ದರಿಂದ ಏಜೆಂಟರು ಬರೆದದ್ದು ಎಂಬ ಮಾತು ನಡೆಯುವುದು ಕಷ್ಟ.

ಗಲ್ಫ್ ದೇಶಗಳಲ್ಲಿ ಚಿತ್ರ ಬೇರೆ. ಅಲ್ಲಿ ಹೆಂಡತಿಯ ವೀಸಾ ಸಾಮಾನ್ಯವಾಗಿ ಗಂಡನ ಕೆಲಸ ಮತ್ತು ಸಂಬಳಕ್ಕೆ ಅಂಟಿಕೊಂಡಿರುತ್ತದೆ, ಅರ್ಜಿ ಟೈಪಿಂಗ್ ಸೆಂಟರಿನಲ್ಲೇ ಮುಗಿಯುತ್ತದೆ. ವಕೀಲರು ಬೇಕಾಗುವುದು ಮನಸ್ತಾಪ ಬಂದಾಗ. ದುಬೈಯಲ್ಲಿ ಭಾರತೀಯ ದೂತಾವಾಸದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ಉಚಿತ ಕಾನೂನು ಸಲಹೆ ಕೊಡುತ್ತದೆ. 2023ರ ಫೆಬ್ರವರಿಯಿಂದ ಯುಎಇಯಲ್ಲಿ ಮುಸ್ಲಿಮೇತರರಿಗೆ ಪ್ರತ್ಯೇಕ ಸಿವಿಲ್ ಕುಟುಂಬ ಕಾಯಿದೆ ಇದೆ, ಕಾರಣ ಹೇಳದೆಯೂ ಅದರಡಿ ವಿಚ್ಛೇದನ ಪಡೆಯಬಹುದು. ಆ ಡಿಕ್ರಿ ಭಾರತದಲ್ಲಿ ನಡೆಯುತ್ತದೆಯೇ ಎಂಬುದು ಊರಿನ ವಕೀಲರಲ್ಲಿ ಕೇಳಬೇಕಾದ ಪ್ರಶ್ನೆ.

ಮದುವೆ ಮುರಿದು ಬೀಳುವಾಗ

ಸಂಗಾತಿ ವೀಸಾದ ಅರ್ಜಿಯನ್ನು ಹೆಚ್ಚಾಗಿ ಗಂಡನೇ ವಕೀಲರನ್ನು ನೇಮಿಸಿ ಹಾಕಿಸಿರುತ್ತಾನೆ. ಸಂಸಾರ ಚೆನ್ನಾಗಿರುವ ತನಕ ಆ ವಕೀಲರು ಇಬ್ಬರಿಗೂ ಸೇರಿದವರು. ಜಗಳ ಆರಂಭವಾದ ದಿನದಿಂದ ಹೆಂಡತಿ ಅವರನ್ನು ತನ್ನ ವಕೀಲರೆಂದು ನಂಬಿ ಮನಸ್ಸು ಬಿಚ್ಚಬಾರದು, ಬೇರೊಬ್ಬರನ್ನು ನೋಡಿಕೊಳ್ಳಬೇಕು. ಗಂಡನೇ ಅವಲಂಬಿತನಾಗಿ ಹೋಗಿದ್ದರೆ ಅವನಿಗೂ ಇದೇ ಮಾತು.

ಇನ್ನೊಂದು: ವಿಚ್ಛೇದನದ ಕಾಗದಕ್ಕೆ ಸಹಿ ಹಾಕುವ ಮೊದಲು ಇಮಿಗ್ರೇಶನ್ ವಕೀಲರನ್ನು ಕೇಳಿ. ಕುಟುಂಬ ವಕೀಲರು ಮಕ್ಕಳು, ಜೀವನಾಂಶ, ಆಸ್ತಿ ನೋಡುತ್ತಾರೆ. ವೀಸಾ ಅವರ ಕಣ್ಣಿಗೆ ಬೀಳದಿರಬಹುದು. ಅಮೆರಿಕದಲ್ಲಿ ಎಚ್-4 ವೀಸಾದಲ್ಲಿರುವ ಹೆಂಡತಿಗೆ ವಿಚ್ಛೇದನದೊಂದಿಗೆ ಆ ವೀಸಾದ ಆಧಾರವೂ ಹೋಗುತ್ತದೆ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲು ಸಿಗುವ ಗ್ರೀನ್ ಕಾರ್ಡ್ ಷರತ್ತಿನದ್ದು, ಎರಡೇ ವರ್ಷದ್ದು. ಅದು ಮುಗಿಯುವ ಹಿಂದಿನ 90 ದಿನಗಳಲ್ಲಿ ಇಬ್ಬರೂ ಸೇರಿ ಐ-751 ಎಂಬ ಅರ್ಜಿ ಹಾಕಬೇಕು. ಗಂಡ ಸಹಿ ಹಾಕಲಾರೆನೆಂದು ಹೆದರಿಸುವುದು ಇಲ್ಲಿಯೇ. ಆದರೆ ಮದುವೆ ಪ್ರಾಮಾಣಿಕವಾಗಿದ್ದು ವಿಚ್ಛೇದನವಾಗಿದ್ದರೆ, ಅಥವಾ ಹಿಂಸೆ ನಡೆದಿದ್ದರೆ, ಒಬ್ಬಳೇ ಅರ್ಜಿ ಹಾಕಲು ಕಾನೂನು ಬಿಡುತ್ತದೆ. ಹಿಂಸೆಗೆ ಒಳಗಾದವರು ಗಂಡನಿಗೆ ತಿಳಿಯದಂತೆ ತಾವೇ ಗ್ರೀನ್ ಕಾರ್ಡಿನ ದಾರಿ ಹಿಡಿಯುವ ಅವಕಾಶವೂ ಇದೆ, ಗಂಡ ಪ್ರಜೆ ಅಥವಾ ಗ್ರೀನ್ ಕಾರ್ಡ್ ಉಳ್ಳವನಾಗಿದ್ದರೆ. ಕೆನಡಾದಲ್ಲಿ ಎರಡು ವರ್ಷ ಜೊತೆಗಿರಬೇಕೆಂಬ ಷರತ್ತನ್ನು 2017ರಲ್ಲಿಯೇ ತೆಗೆದು ಹಾಕಲಾಗಿದೆ. ಅಲ್ಲಿ ಸಂಗಾತಿಯ ಮೂಲಕ ಪ್ರಾಮಾಣಿಕವಾಗಿ ಖಾಯಂ ನಿವಾಸ ಪಡೆದವಳು ಹಿಂಸೆ ಸಹಿಸಲಾರದೆ ಬೇರೆಯಾದರೆ, ಆ ಕಾರಣಕ್ಕೇ ಅವಳ ನಿವಾಸ ಹೋಗದು. "ನಿನ್ನನ್ನು ಡಿಪೋರ್ಟ್ ಮಾಡಿಸುತ್ತೇನೆ" ಎಂಬ ಮಾತಿಗೆ ಹೆದರಿ ವರ್ಷಗಟ್ಟಲೆ ಸುಮ್ಮನಿರುವವರು ಇದನ್ನು ತಿಳಿದಿರಬೇಕು.

"ಎರಡು ತಿಂಗಳು ಅಮ್ಮನ ಮನೆಗೆ ಹೋಗಿ ಬಾ" ಎಂದು ಊರಿಗೆ ಕಳುಹಿಸಿ, ಪಾಸ್‌ಪೋರ್ಟ್ ಮತ್ತು ಕಾರ್ಡ್ ತೆಗೆದಿಟ್ಟುಕೊಂಡು, ಫೋನ್ ಎತ್ತದಿರುವುದು ಕೈಬಿಡುವ ಹಳೆಯ ರೀತಿ. ಹೀಗಾದವಳಿಗೆ ದಿನಗಳು ಮುಖ್ಯ. ಪಾಸ್‌ಪೋರ್ಟ್ ಕಳೆದರೆ ಅಥವಾ ಕಸಿದರೆ ಪೊಲೀಸ್ ದೂರು ಕೊಡಿ. ಗ್ರೀನ್ ಕಾರ್ಡ್ ಕೈಯಲ್ಲಿಲ್ಲದವರು ಪ್ರಯಾಣದ ಅನುಮತಿಗೆ ಅಮೆರಿಕನ್ ಕಾನ್ಸುಲೇಟಿನಲ್ಲಿ ಅರ್ಜಿ ಹಾಕಬಹುದು, ಆದರೆ ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದರೆ ವಿಷಯ ಕಠಿಣವಾಗುತ್ತದೆ. ಬ್ರಿಟನ್ 2024ರ ಜನವರಿ 31ರಿಂದ ನಿಯಮ ಬದಲಿಸಿದೆ: ಬ್ರಿಟಿಷ್ ಪ್ರಜೆ ಅಥವಾ ಅಲ್ಲಿ ಖಾಯಂ ನೆಲೆಸಿದವನ ಸಂಗಾತಿ ವೀಸಾದಲ್ಲಿ ಅಲ್ಲಿದ್ದು, ಹೀಗೆ ಬೇರೆ ದೇಶದಲ್ಲಿ ಕೈಬಿಡಲ್ಪಟ್ಟವಳು ಹೊರಗಿನಿಂದಲೇ ಖಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಈ ನಿಯಮ ಇದೆಯೆಂದೇ ತಿಳಿಯದೆ ಕುಳಿತ ಹೆಣ್ಣುಮಕ್ಕಳು ನಮ್ಮ ನಡುವೆ ಇರಬಹುದು.

ಊರಿನಲ್ಲಿ ಸಿಗುವ ಸಹಾಯ

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೇ ಕಲಂ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಮಂಗಳೂರು, ಉಡುಪಿ, ಕಾರವಾರದ ಜಿಲ್ಲಾ ನ್ಯಾಯಾಲಯಗಳಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇದೆ, ಸಹಾಯವಾಣಿ 15100. ಇವರು ವಿದೇಶದ ವೀಸಾ ನೋಡುವುದಿಲ್ಲ. ಜೀವನಾಂಶ, ಕೌಟುಂಬಿಕ ಹಿಂಸೆ, ವಿಚ್ಛೇದನ ಮೊದಲಾದ ಇಲ್ಲಿಯ ಮೊಕದ್ದಮೆಗಳಿಗೆ ನೆರವಾಗುತ್ತಾರೆ. ಗಂಡನ ಮನೆಯ ಕಿರುಕುಳದಿಂದ ತವರಿಗೆ ಬಂದವಳು ತವರಿರುವ ಸ್ಥಳದಲ್ಲಿಯೇ ಕ್ರಿಮಿನಲ್ ದೂರು ಕೊಡಬಹುದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ.

ವಿದೇಶದ ನ್ಯಾಯಾಲಯದಿಂದ ವಿಚ್ಛೇದನದ ನೋಟಿಸ್ ಬಂದರೆ ಅದನ್ನು ಕಪಾಟಿನಲ್ಲಿಡಬೇಡಿ. 1991ರ ನರಸಿಂಹ ರಾವ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ, ಮದುವೆಗೆ ಅನ್ವಯಿಸುವ ಭಾರತೀಯ ಕಾನೂನಿನಲ್ಲಿಲ್ಲದ ಕಾರಣಕ್ಕೆ, ಹೆಂಡತಿ ಒಪ್ಪದೆ, ಪಾಲ್ಗೊಳ್ಳದೆ ಕೊಟ್ಟ ಡಿಕ್ರಿಗೆ ಸಾಮಾನ್ಯವಾಗಿ ಇಲ್ಲಿ ಮಾನ್ಯತೆಯಿಲ್ಲ. ಆದರೆ ಹಾಜರಾಗಿ ವಾದಿಸಬೇಕೇ, ಆಕ್ಷೇಪವನ್ನಷ್ಟೇ ತಿಳಿಸಬೇಕೇ ಎಂಬುದು ಸೂಕ್ಷ್ಮ ವಿಷಯ. ಒಂದು ತಪ್ಪು ಉತ್ತರದಿಂದ ಆ ನ್ಯಾಯಾಲಯದ ಅಧಿಕಾರವನ್ನು ಒಪ್ಪಿದಂತಾಗಬಹುದು. ನೋಟಿಸ್ ಬಂದ ವಾರದಲ್ಲೇ ವಕೀಲರಿಗೆ ತೋರಿಸಿ.

ಅನಿವಾಸಿ ಗಂಡಂದಿರ ಬಗೆಗಿನ ದೂರುಗಳಿಗೆ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಿಂದ ಎನ್‌ಆರ್‌ಐ ಘಟಕವಿದೆ. ವಿದೇಶಾಂಗ ಸಚಿವಾಲಯದ 'ಮದದ್' ಪೋರ್ಟಲ್ ಮೂಲಕ ದೂತಾವಾಸಕ್ಕೆ ಮನವಿ ಕಳುಹಿಸಬಹುದು. ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ, ಗಂಡ ಕೈಬಿಟ್ಟ ಹೆಣ್ಣುಮಕ್ಕಳಿಗೆ ವಿದೇಶದಲ್ಲಿ ವಕೀಲರ ವೆಚ್ಚಕ್ಕೆ ನೆರವು ಪಡೆಯಲು ದೂತಾವಾಸಗಳಲ್ಲಿ ಅವಕಾಶವಿದೆ. ಇವರಲ್ಲಿಗೆ ಹೋಗುವಾಗ ಗಂಡನ ಪಾಸ್‌ಪೋರ್ಟ್ ಸಂಖ್ಯೆ, ವಿಳಾಸ, ಕೆಲಸದ ಕಂಪೆನಿಯ ಹೆಸರು ಕೇಳುತ್ತಾರೆ. ಮದುವೆಯ ಮಾತುಕತೆಯ ಸಮಯದಲ್ಲಿಯೇ ಈ ಕಾಗದಗಳ ಪ್ರತಿ ತೆಗೆದಿಟ್ಟುಕೊಳ್ಳುವುದಕ್ಕೆ ಹುಡುಗಿಯ ಕಡೆಯವರು ಸಂಕೋಚಪಡಬೇಕಾಗಿಲ್ಲ. ಚರ್ಚಿನ ವಿವಾಹ ಪತ್ರದ ಪ್ರತಿ ಕಳೆದಿದ್ದರೆ ಮದುವೆ ನಡೆದ ಧರ್ಮಕೇಂದ್ರದ ಕಚೇರಿಯಲ್ಲಿ ಮತ್ತೆ ಪಡೆಯಬಹುದು. ಮದುವೆಯ ತಾರೀಕು ಮತ್ತು ಇಬ್ಬರ ಪೂರ್ತಿ ಹೆಸರು ಬರೆದುಕೊಂಡು ಹೋಗಿ.